ಸುಮಂಗಲಕ್ಕನ ಹ್ಯಾಂಡೋವರ್

ಸುಮಂಗಲಕ್ಕ ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಬಲಗಿವಿಯಲ್ಲಿ ಇಟಲಿ, ಎಡಗಿವಿಯಲ್ಲಿ ಹೊಸಹಳ್ಳಿ ಮೆಟ್ರೋ ಹತ್ತಿರದ ನಮ್ಮ ಪಿಜಿ, ಅಂದರೆ ನೀರಿನ ಮೋಟರ್, ಕುಕ್ಕರ್, ನನ್ನ ಗೊಣಗಾಟ. "ಒಂದ ಕಿವಿ ಯಾವಾಗ್ಲೂ ಪೇಷಂಟಿಗೆ ಬಿಟ್ಟಿರಬೇಕವಾ ಆಶಾ" ಎನ್ನುತ್ತಿದ್ದಳು.

ಗದಗದ ಕಡೆಯವಳು, ಹದಿನಾಲ್ಕು ವರ್ಷದಿಂದ ನರ್ಸ್ ಆಗಿದ್ದವಳು. ನಾವಿಬ್ಬರೂ ಒಂದೇ ನರ್ಸಿಂಗ್ ಹೋಮ್, ಒಂದೇ ರೂಮು. ಇಟಲಿಯ ಆಸ್ಪತ್ರೆ ಕೆಲಸಕ್ಕೆಂದು ವಿಜಯನಗರದಲ್ಲಿ ಸೇರಿದ್ದ ಭಾಷೆಯ ಕ್ಲಾಸೂ ಒಂದೇ. ಅಲ್ಲಿನ ಸಾರ್ ಕಲಿಯುವವರಿಗೆಂದೇ ಮಾಡಿದ ಆಡಿಯೋ ಕೊಡುತ್ತಿದ್ದರು. ಅದರಲ್ಲೊಬ್ಬ ಹೆಂಗಸು ಮಗುವಿಗೆ ಗಂಜಿ ಕುಡಿಸುವಂತೆ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು. ನನಗದು ಹಿತವಾಗಿತ್ತು. ಸುಮಂಗಲಕ್ಕ ಎರಡನೇ ತಿಂಗಳಿಗೇ ಅದನ್ನು ಫೋನಿನಿಂದ ಅಳಿಸಿ, ಇಟಲಿಯವರು ತಮ್ಮವರಿಗಾಗಿಯೇ ಮಾಡಿಕೊಂಡ ಪಾಡ್‌ಕಾಸ್ಟ್‌ಗಳ ಹಿಂದೆ ಬಿದ್ದಳು. ಅಡುಗೆ, ಫುಟ್‌ಬಾಲ್, ಅತ್ತೆ-ಸೊಸೆ ಜಗಳ, ಏನಾದರೂ ಸರಿ.

"ಮೇಡಂ, ಅದು ಅಲ್ಲಿಯವ್ರಿಗೆ ಮಾಡಿರೋದು. ನಿಮ್ ಲೆವೆಲ್‌ಗೆ ಅದೆಲ್ಲ ಬೇಡ" ಎಂದರು ಸಾರ್.

"ಬ್ಯಾನಿ ಬಂದಾವ್ರು ಸಾವಕಾಶ ಮಾತಾಡ್ತಾರೇನ್ರಿ ಸರ?" ಎಂದಳು ಇವಳು.

ಕೇಳುವುದಕ್ಕೂ ಅವಳದೊಂದು ಕ್ರಮವಿತ್ತು. ಡ್ಯೂಟಿ ಬದಲಾಗುವಾಗ ಮುಂದಿನ ನರ್ಸಿಗೆ ರೋಗಿಗಳ ವಿವರ ಒಪ್ಪಿಸುತ್ತೇವಲ್ಲ, ಆ ಹ್ಯಾಂಡೋವರ್‌ನ ಹಾಗೆ. ಬೆಳಿಗ್ಗೆ ಒಂದೇ ಎಪಿಸೋಡನ್ನು ಮೂರು ಸಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುವುದು: ಯಾರು, ಏನು ತೊಂದರೆ, ಯಾವಾಗಿನಿಂದ, ಏನು ಮಾಡಿದ್ದಾರೆ, ಏನು ಬಾಕಿ. ಒಮ್ಮೆ ಗಾಬರಿಯಿಂದ "ಅಜ್ಜಿ. ಎರಡು ತಾಸಿನಿಂದ ಕೆಂಪಗಾಗ್ಯಾಳ, ಕಾವು ಇಳಿದಿಲ್ಲ" ಎಂದು ಬರೆದಿದ್ದಳು. ನಾಲ್ಕನೇ ಸಲ ಕೇಳಿದಾಗ ಅದು ಅಜ್ಜಿ ಒಲೆಯ ಮೇಲಿಟ್ಟ ಟೊಮೆಟೊ ಗೊಜ್ಜು ಎಂದು ತಿಳಿಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಅದನ್ನು ಹೊಡೆದುಹಾಕದೆ, ಪಕ್ಕದಲ್ಲಿ "ಪೇಷಂಟ್ ಆರಾಮ" ಎಂದು ಸೇರಿಸಿದಳು.

ಇಂಟರ್‌ವ್ಯೂಗೆ ಕಳಿಸುವ ಪಟ್ಟಿಯಲ್ಲಿ ಸಾರ್ ನನ್ನ ಹೆಸರು ಹಾಕಿ ಅವಳದನ್ನು ಬಿಟ್ಟರು. ಎರಡನೇ ತಿಂಗಳಿಂದ ತಾವು ಕೊಟ್ಟ ಆಡಿಯೋ ಒಂದನ್ನೂ ಕೇಳಿಲ್ಲ ಎಂಬುದು ಕಾರಣ. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶವಾಗಿತ್ತು. ನಾನಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅವಳು ಕ್ಲಾಸಿನಲ್ಲೇ ಎದ್ದು ನಿಂತಳು.

"ನಾ ಕೇಳದೇ ಇರೋದು ಯಾವುದರ ಒಂದು ಹಚ್ಚರಿ ಸರ. ಒಂದ ಸಲ ಸಾಕು. ಎಲ್ಲಾರ ಮುಂದ ಹ್ಯಾಂಡೋವರ್ ಕೊಡ್ತೀನಿ."

ಸಾರ್ ಬೇಕೆಂದೇ, ಇಬ್ಬರು ಗಂಡಸರು ಒಬ್ಬರ ಮಾತಿನ ಮೇಲೊಬ್ಬರು ಕಿರುಚಾಡುವ ಪಾಡ್‌ಕಾಸ್ಟ್ ಹಾಕಿದರು. ನನಗೆ ಗಲಾಟೆ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಸುಮಂಗಲಕ್ಕ ಇಟಾಲಿಯನ್‌ನಲ್ಲಿ ಶುರು ಮಾಡಿದಳು: ಅಣ್ಣ ತಮ್ಮ, ಅಪ್ಪನ ಅಂಗಡಿ, ಆರು ತಿಂಗಳಿಂದ ಮಾತಿಲ್ಲ, ತಮ್ಮ ಬೀಗ ಬದಲಿಸಿದ್ದಾನೆ. ಆಮೇಲೆ ನಿಂತು, ಕೊನೆಯ ಭಾಗ ತನಗೆ ತಿಳಿಯಲಿಲ್ಲ ಎಂದಳು, ಅದನ್ನೂ ಇಟಾಲಿಯನ್‌ನಲ್ಲೇ.

"ಏನೋ ಒಂದು ಊಹೆ ಮಾಡಿ ಹೇಳ್ಬೋದಿತ್ತಲ್ಲ ಮೇಡಂ?" ಎಂದರು ಸಾರ್.

"ಗೊತ್ತಾಗದ್ದನ್ನ ಗೊತ್ತಾತು ಅಂದ್ರ ಪೇಷಂಟ್ ಸಾಯ್ತಾನ್ರಿ."

ಸಾರ್ ಪಟ್ಟಿ ತೆಗೆದು ಅವಳ ಹೆಸರು ಬರೆದರು. ಇಂಟರ್‌ವ್ಯೂ ದಿನ ನಾನು ಹೆದರಿ, ಜ್ವರ ಎಂದು ಸುಳ್ಳು ಹೇಳಿ ಮಲಗಿದೆ. ಅವಳು ಹೋಗಿ ಗೆದ್ದು ಬಂದಳು.

ಹೊರಡುವ ದಿನ ಮೆಟ್ರೋ ಮೆಟ್ಟಿಲ ಹತ್ತಿರ ನಾನು ಅತ್ತೆ. "ಡ್ಯೂಟಿ ಬದಲಾತು, ಅಷ್ಟ" ಎಂದು ಕೆನ್ನೆ ತಟ್ಟಿ ಹತ್ತಿಹೋದಳು. ಸಂಜೆ ಅವಳ ಮಂಚಕ್ಕೆ ಬಂದ ಹೊಸ ಹುಡುಗಿಗೆ ದಿಂಬಿನ ಕೆಳಗೆ ಆ ನೋಟ್‌ಬುಕ್ ಸಿಕ್ಕಿತು. ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದಳು.

"ಬೆಡ್ ನಂಬರ್ ಎರಡು. ಹೆಸರು ಆಶಾ. ತಿಂಡಿ ಬಿಡ್ತಾಳ, ಬೈದು ತಿನ್ನಸ್ರಿ. ಕಿವಿ ಚಲೋ ಅದಾವ, ಧೈರ್ಯ ಕಡಿಮಿ. ಜ್ವರ ಇರಲಿಲ್ಲ. ಬಾಕಿ: ಇಂಟರ್‌ವ್ಯೂ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಫೋನ್ ತೆಗೆದು ಆ ಗಂಜಿ ಕುಡಿಸುವ ಹೆಂಗಸನ್ನು ಅಳಿಸಿಹಾಕಿದೆ.