ಎರಡು ಸಲ ಹಾಕಿದ ಸ್ವಿಚ್

ಹೋದ ವಾರ ನಾನೊಂದು ಸುಳ್ಳು ಹೇಳಿದೆ. ಅದೂ ಸಿಕ್ಕಿಬಿದ್ದ ಮೇಲೆ.

ಕುಡಚಿ ಹತ್ತಿರ ನಾನು ನೋಡಿಕೊಳ್ಳುವ ಹಾಲಿನ ಡೇರಿ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಅಂದು ಬೆಳಿಗ್ಗೆ ಹಾಲು ತಂಪು ಮಾಡುವ ಟ್ಯಾಂಕಿನ ಮೋಟರ್ ನಿಂತಿತು. ಎಲೆಕ್ಟ್ರಿಷಿಯನ್ ದಸ್ತಗೀರ್ ಮಾಮಾ ಬಂದರು. ಮೇನ್ ಸ್ವಿಚ್ ಆಫ್ ಮಾಡಿ, 'ಕೆಲಸ ನಡೆದಿದೆ, ಮುಟ್ಟಬೇಡಿ' ಎಂಬ ರಟ್ಟು ತೂಗುಹಾಕಿ, ಟ್ಯಾಂಕಿನ ಹಿಂದೆ ಹೋದರು.

ಹಾಲು ಒಯ್ಯುವ ಟ್ಯಾಂಕರ್ ಬರುವ ಹೊತ್ತು. ಹಾಲು ಬಿಸಿಯಾಗುತ್ತಿದೆ.

"ಆತೇನ್ರಿ ಮಾಮಾ?"

"ಇನ್ನೊಂದೀಟು ತಡೀರಿ, ಅಕ್ಕಾರ."

ಮೂರನೇ ಸಲ ಕೇಳಿದಾಗ ಉತ್ತರವಿಲ್ಲ. ಚಹಾಕ್ಕೆ ಹೋಗಿರಬೇಕು ಅಂದುಕೊಂಡೆ. (ನಾಲ್ಕು ಹೆಜ್ಜೆ ನಡೆದು ನೋಡಬಹುದಿತ್ತು. ನೋಡಲಿಲ್ಲ.) ರಟ್ಟು ತೆಗೆದು ಸ್ವಿಚ್ ಹಾಕಿದೆ. ಏನೂ ಆಗಲಿಲ್ಲ. ಆಫ್ ಮಾಡಿ ಇನ್ನೊಮ್ಮೆ ಹಾಕಿದೆ.

ಟ್ಯಾಂಕಿನ ಹಿಂದಿನಿಂದ ಮಾಮಾ ಎದ್ದು ಬಂದರು. ಬೈಯಲಿಲ್ಲ. ಮೊದಲು ಸ್ವಿಚ್ ಆಫ್ ಮಾಡಿದರು. "ಎರಡ ಸಲ ಹಾಕಿದ್ರಿ," ಎಂದರು.

"ರಟ್ಟು ಗಾಳಿಗೆ ಬಿದ್ದಿತ್ರಿ," ಎಂದೆ. ರಟ್ಟು ನನ್ನ ಕೈಯಲ್ಲೇ ಇತ್ತು.

ಅವರು ಜೇಬಿನಿಂದ ಮೂರು ಫ್ಯೂಸ್ ತೆಗೆದು ತೋರಿಸಿದರು. ಕೆಲಸಕ್ಕೆ ಕೂರುವ ಮೊದಲೇ ಮೋಟರ್ ಪಕ್ಕದ ಪೆಟ್ಟಿಗೆಯಿಂದ ಕಿತ್ತಿಟ್ಟುಕೊಂಡಿದ್ದರು. ಕರೆಂಟ್ ಅವರ ಕೈವರೆಗೆ ಹೋಗದೆ ಇದ್ದದ್ದು ಅದಕ್ಕೇ. ಹಾಲಿನ ಕ್ಯಾನ್ ಮೇಲೆ ಕೂತೆ.

"ಮೇನ್ ಆಫ್ ಮಾಡಿದ್ರಲ್ಲಾ, ಮತ್ತ ಫ್ಯೂಸ್ ಯಾಕ ತಗದ್ರಿ?"

"ನನ್ನ ತಮ್ಮ ಹಿಂಗ ತೀರಿಹೋದನ್ರಿ, ಒಂದ್ ಕಾರಖಾನ್ಯಾಗ. ಅಂವಾ ವೈರ್ ಹಿಡದಿದ್ದ, ಸಾಹೇಬ್ರು ಸ್ವಿಚ್ ಹಾಕಿದ್ರು." ಫ್ಯೂಸ್‌ಗಳನ್ನು ಮತ್ತೆ ಜೇಬಿಗಿಟ್ಟು, "ಸಾಹೇಬ್ರು ಭಾಳ ಚಲೋ ಮನಷ್ಯಾರ್ರಿ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನೂ ಚಲೋ ಮನುಷ್ಯಳೇ ತಾನೆ? ಕೆಲಸದವರಿಗೆ ಚಹಾ ಕೊಡಿಸುತ್ತೇನೆ, ಹಬ್ಬಕ್ಕೆ ಬಟ್ಟೆ ಕೊಡುತ್ತೇನೆ. ಒಬ್ಬರ ಜೀವಕ್ಕಾಗಿ ಹತ್ತು ನಿಮಿಷ ಕಾಯಲಾಗಲಿಲ್ಲ.

ಹತ್ತೇ ನಿಮಿಷದಲ್ಲಿ ಮೋಟರ್ ತಿರುಗಿತು. ಹಾಲು ಕೆಡಲಿಲ್ಲ. ಟ್ಯಾಂಕರ್ ತಡವಾಗಿಯೇ ಬಂತು.

ಸಂಜೆ ಮೇನ್ ಸ್ವಿಚ್ಚಿಗೆ ಬೀಗ ತಂದೆ. ರಿಪೇರಿ ಮಾಡುವವರೇ ಹಾಕಬೇಕು, ಕೀಲಿ ಅವರ ಹತ್ತಿರವೇ ಇರಬೇಕು. ಅಂಗಡಿಯವನು ಎರಡು ಕೀಲಿ ಕೊಟ್ಟಿದ್ದ. ಎರಡನ್ನೂ ಮಾಮಾರ ಕೈಗಿಟ್ಟೆ. ಒಂದು ನನ್ನ ಬಳಿ ಇರಲಿ ಎನ್ನುವಷ್ಟು ನಂಬಿಕೆ ನನ್ನ ಮೇಲೆ ನನಗೇ ಉಳಿದಿಲ್ಲ.

ಮನೆಯಲ್ಲಿ ಯಜಮಾನರು ಕೇಳಿದರು: "ಇವತ್ತ ಏನರ ವಿಶೇಷ?" "ಮೋಟರ್ ಕೆಟ್ಟಿತ್ತು, ರಿಪೇರಿ ಆತು," ಎಂದೆ.

ಉಳಿದದ್ದನ್ನು ಅವರೂ ಇಲ್ಲೇ ಓದಲಿ.