ಕೇಳಿ ಹೋಗ್ತೀನಿ ಅಂದವಳು

ಮೊನ್ನೆ ಅಜ್ಜಂಪುರದ ಸಂತೆಯಲ್ಲಿ ಹೀರೆಕಾಯಿಯ ತುದಿ ಮುರಿದು ನಾಲಿಗೆಗೆ ಇಟ್ಟೆ. ಕಹಿ. ಮಾರುವವಳ ಮುಖಕ್ಕೇ ಹೇಳಿ ಪಕ್ಕದವಳ ಕಾಯಿ ಗುಡ್ಡೆಗೆ ಹೋದೆ. ಆ ಹಸಿ ವಾಸನೆ ಮಾತ್ರ ಬೆರಳಿಗೆ ಅಂಟಿಕೊಂಡು ಮನೆಯವರೆಗೂ ಬಂತು. ಅದರ ಜೊತೆಗೆ ಅವಳೂ ಬಂದಳು... ಪಕ್ಕದ ಮನೆ ಅಕ್ಕ. ಸತ್ತು ಮೂರು ವರ್ಷವಾಯಿತು. ಅವಳ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅಕ್ಕ ಹೀರೆಕಾಯಿ ಮುರಿದರೆ ತಾನು ರುಚಿ ನೋಡುತ್ತಿರಲಿಲ್ಲ, ನನ್ನ ಬಾಯಿಗೆ ಹಿಡಿಯುತ್ತಿದ್ದಳು. "ನೀನೇ ನೋಡೇ, ನಂಗೆ ಗೊತ್ತಾಗಲ್ಲ." ನಾಲಿಗೆ ಅವಳಿಗೂ ಇತ್ತು! ಸಾರು ಕುದಿಯುವಾಗ ಸೌಟು ಹಿಡಿದು ಗೋಡೆಯ ಹತ್ತಿರ ಬಂದು ನನ್ನ ಅಂಗೈಗೆ ನಾಲ್ಕು ಹನಿ ಬಿಡುವಳು. ಉಪ್ಪು ಸಾಕಾ, ಬೇಕಾ? ಹಸುವಿಗೆ ಹಿಂಡಿ ಎಷ್ಟು ಹಾಕಲಿ, ಮದುವೆಗೆ ಹಸಿರು ಸೀರೆ ಉಡಲೋ ಕೆಂಪು ಉಡಲೋ, ಇವತ್ತು ತಲೆಗೆ ನೀರು ಹಾಕಿಕೊಳ್ಳಲೋ ಬೇಡವೋ... ಮೂವತ್ತು ವರ್ಷ ಇದೇ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಇಂಥದ್ದಕ್ಕೆಲ್ಲ ನಿಂತು ಯೋಚಿಸಿದವಳಲ್ಲ. ತಪ್ಪಾದರೆ ನಾಳೆ ಸರಿ ಮಾಡಿಕೊಂಡರಾಯಿತು. ಸಾರಿಗೆ ಉಪ್ಪು ಜಾಸ್ತಿಯಾದರೆ ಯಾರೂ ಸಾಯುವುದಿಲ್ಲ. ಅಕ್ಕನಿಗೆ ಇದು ತಲೆಗೆ ಹೋಗುತ್ತಲೇ ಇರಲಿಲ್ಲ. ಹದಿನಾರಕ್ಕೆ ಮದುವೆಯಾಗಿ ಬಂದವಳು. ಅವಳ ಅತ್ತೆ ಎಂಥ ಹೆಂಗಸೆಂದರೆ, ಕೇಳದೆ ಒಂದು ಈರುಳ್ಳಿ ಹೆಚ್ಚಿದರೂ "ಯಾರ್ನ ಕೇಳಿ ಹೆಚ್ಚಿದೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಆ ಮುದುಕಿ ಹೋದ ಮೇಲೆ ಇವಳಿಗೆ ಬಿಡುಗಡೆಯಾಯಿತು ಅಂದುಕೊಂಡೆ. ಎಲ್ಲಿಯ ಬಿಡುಗಡೆ! ಅತ್ತೆಯ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡಳು.

"ಥೂ, ನಿನ್ ಮನೆ ಸಾರಿಗೂ ನಾನೇ ಉಪ್ಪು ಹಾಕ್ಬೇಕೇನೇ?" ಎಂದು ಬೈಯುತ್ತಿದ್ದೆ.

"ಬೈಯೋದು ಬೈ, ಹೇಳೋದ್ ಹೇಳು" ಎಂದು ನಗುತ್ತಿದ್ದಳು.

ನಾನು ಹೇಳುತ್ತಿದ್ದೆ.

ಅಕ್ಕ ಸತ್ತ ದಿನ ನಾನು ಶಿವನಿ ಊರಿಗೆ ಹೋಗಿದ್ದೆ, ಮಗಳ ಮನೆಯಲ್ಲಿ ಮಗುವಿಗೆ ಹೆಸರಿಡುವುದಿತ್ತು. ಇತ್ತ ಅಕ್ಕನಿಗೆ ಹಾಲು ಕರೆಯುವ ಹೊತ್ತಿನಿಂದಲೇ ಎದೆ ನೋವು, ಮೈಯೆಲ್ಲ ಬೆವರು. ಮಗ ತೆಂಗಿನಕಾಯಿ ಹೇರಿಕೊಂಡು ಕಡೂರಿಗೆ ಹೋಗಿದ್ದ. ಸೊಸೆ ಪಾಪ, ಆಟೋ ಕರೆದು ಬಾಗಿಲಿಗೇ ತಂದು ನಿಲ್ಲಿಸಿದಳು. ಅಕ್ಕ ಜಗುಲಿ ಬಿಟ್ಟು ಏಳಲಿಲ್ಲ.

"ಗ್ಯಾಸ್ಟ್ರಿಕ್ ಇರ್ಬೋದು ಕಣೇ. ಅವ್ಳಿಗೊಂದು ಫೋನ್ ಮಾಡು, ಕೇಳಿ ಹೋಗ್ತೀನಿ."

ಫೋನು ನನ್ನ ಬ್ಯಾಗಿನಲ್ಲಿತ್ತು. ಬ್ಯಾಗು ಒಳಕೋಣೆಯಲ್ಲಿ ನೆಂಟರ ಬ್ಯಾಗುಗಳ ಕೆಳಗಿತ್ತು. ನಾನು ಪಂಕ್ತಿಗೆ ಪಾಯಸ ಬಡಿಸುತ್ತಿದ್ದೆ. ಸೊಸೆ ಹನ್ನೊಂದು ಸಲ ಮಾಡಿದ್ದಾಳೆ. ಆಟೋದವನು "ಹತ್ತಮ್ಮೋ, ಹೊತ್ತಾಯ್ತು" ಎಂದು ಬೈದಿದ್ದಾನೆ. ಸೊಸೆ ಕೈ ಹಿಡಿದು ಎಬ್ಬಿಸಿದರೆ ಅಕ್ಕ ಕೊಡವಿಕೊಂಡಿದ್ದಾಳೆ. ಬೆಳಗ್ಗೆ ಎಂಟಕ್ಕೆ ಕೂತವಳು ಹನ್ನೆರಡಾದರೂ ಕೂತೇ ಇದ್ದಳು...

ಊಟ ಮುಗಿದ ಮೇಲೆ ಫೋನು ನೋಡಿ ನಾನೇ ತಿರುಗಿ ಮಾಡಿದೆ. ಅಕ್ಕನೇ ತೆಗೆದುಕೊಂಡಳು.

"ಎದೆ ಯಾಕೋ ಹಿಡ್ಕೊಂಡೈತೆ ಕಣೇ. ತರೀಕೆರೆ ಆಸ್ಪತ್ರೆಗೆ ಹೋಗ್ಲಾ, ಬೇಡ್ವಾ?"

"ಅಯ್ಯೋ ನಿನ್ನ! ಎದ್ದು ಹತ್ತೇ ಮೊದ್ಲು!"

ತಕ್ಷಣ ಎದ್ದಳಂತೆ. ಯಾರೂ ಹಿಡಿಯದೆ ತಾನೇ ನಡೆದು ಹೋಗಿ ಆಟೋದಲ್ಲಿ ಕೂತಳಂತೆ. ಆಸ್ಪತ್ರೆಯ ಗೇಟು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಬೆಳಗ್ಗೆಯೇ ಯಾಕೆ ಕರೆತರಲಿಲ್ಲ ಎಂದು ಡಾಕ್ಟರು ಕೇಳಿದರಂತೆ. ಆ ಹುಡುಗಿ ಏನೆಂದು ಹೇಳಬೇಕು? ಪಕ್ಕದ ಮನೆಯವಳು ಹೂಂ ಅನ್ನಲಿ ಎಂದು ಕಾಯುತ್ತಿದ್ದೆವು ಅಂತಲೇ?

ಹೆಣದ ಮುಂದೆ ಎಲ್ಲರೂ ಅತ್ತರು. ನಾನು ಬೈದೆ. "ನಿನ್ನೆದೆ ನೋವು ನಿಂಗೇ ಗೊತ್ತಾಗ್ಲಿಲ್ವೇನೇ, ದರಿದ್ರದೋಳೇ?" ಹಾಡಿಕೊಂಡು ಅಳುತ್ತಿದ್ದಾಳೆ ಅಂದುಕೊಂಡರು ಜನ. ಅಳುತ್ತಿರಲಿಲ್ಲ. ನಿಜವಾಗಿಯೂ ಬೈಯುತ್ತಿದ್ದೆ.

ಹೋದ ವಾರ ಆ ಸೊಸೆ ನಮ್ಮ ಹಿತ್ತಿಲಿಗೆ ಬಂದಳು. ತರೀಕೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಕೊಡುತ್ತಾರಂತೆ. "ಹೋಗ್ಲಾ ಚಿಕ್ಕತ್ತೆ? ನೀವ್ ಏನಂತೀರಾ?" ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿದೆ.

"ನನ್ನ ಯಾಕೆ ಕೇಳ್ತೀಯಾ? ನಾನೇನ್ ನಿನ್ ಯಜಮಾನಿನಾ?" ಎಂದು ಬಾಗಿಲು ಹಾಕಿಕೊಂಡೆ.

ನಾಲ್ಕು ದಿನ ಅವಳು ನನ್ನನ್ನು ಮಾತಾಡಿಸಲಿಲ್ಲ. ನಿನ್ನೆ ಬೆಳಗ್ಗೆ ಏಳೂವರೆ ಬಸ್ಸಿಗೆ ಊಟದ ಡಬ್ಬಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿಯೂ ಮುಖ ತಿರುಗಿಸಿಕೊಂಡಳು. ತಿರುಗಿಸಿಕೊಳ್ಳಲಿ.

ನನ್ನ ಯಾಕೆ ಕೇಳ್ತೀಯಾ ಎಂದು ಇವಳಿಗೆ ಅಂದಂತೆ ಅಕ್ಕನಿಗೂ ಒಂದೇ ಒಂದು ದಿನ ಅಂದಿದ್ದರೆ... ಅನ್ನಲಿಲ್ಲ. ಊರಲ್ಲಿ, ಮನೆಯಲ್ಲಿ, ನನ್ನನ್ನು ಯಾರೂ ಯಾವುದಕ್ಕೂ ಒಂದು ಮಾತು ಕೇಳುತ್ತಿರಲಿಲ್ಲ. ಅವಳೊಬ್ಬಳು ಕೇಳುತ್ತಿದ್ದಳು. ಅದು ನನಗೆ ಹಿತವಾಗಿತ್ತು.