ಮಾವ ಒತ್ತಿದ ಹೆಬ್ಬೆರಳು

ಗೆಳೆಯರೇ, ಇಷ್ಟು ದಿನ ಮುಚ್ಚಿಟ್ಟ ಮಾತೊಂದಿದೆ. ಊರಿಂದ ದೂರ, ವರಾಛಾ ಎಂಬ ಪೇಟೆಯಲ್ಲಿರುವ ಮಾವನ ಹೋಟೆಲಿನ ಕೆಲಸ ನನಗೆ ಎಂದೂ ಹಿಡಿಸಲಿಲ್ಲ. ಶಾಲೆ ಬಿಟ್ಟು ಬಂದವನಿಗೆ ಅನ್ನ ಹಾಕಿದವರು ಅವರು, ಹಾಗಾಗಿ ಬಾಯಿ ಬಿಟ್ಟಿರಲಿಲ್ಲ.

ಇವತ್ತು ಗಲ್ಲಾದ ಮುಂದೆ ನಿಂತು, "ಮಾವ, ಒಂದು ವಿಷಯ ಹೇಳ್ಲಿಕ್ಕುಂಟು" ಅಂದೆ. ಮೊಬೈಲಿನಿಂದ ಕಣ್ಣೆತ್ತದೆ, "ಗ್ರೂಪಲ್ಲಿ ಹಾಕು ಮಾರಾಯ" ಅಂದರು. ಚಟ್ನಿ ಮುಗಿಯಿತು, ಗ್ಯಾಸ್ ಬಂತು ಎಂದೆಲ್ಲ ನಾವು ಬರೆಯುವ ಹೋಟೆಲಿನ ಗ್ರೂಪ್ ಅದು. ಅಲ್ಲೇ ನಿಂತು, "ಕೆಲಸ ಬಿಟ್ಟು ನಾಳೆ ಊರಿಗೆ ಹೋಗ್ತೇನೆ" ಎಂದು ಹಾಕಿದೆ. ತಕ್ಷಣ ಅದರ ಕೆಳಗೆ ಮಾವನ ಹೆಬ್ಬೆರಳಿನ ಚಿಹ್ನೆ ಬಂತು. ಅವರು ಅದನ್ನು ಎಲ್ಲದಕ್ಕೂ ಒತ್ತುತ್ತಾರೆ.

"ಓದಿದ್ರಾ?" ಅಂದೆ.

"ನೋಡಿದೆನಲ್ಲ. ಸಾಂಬಾರು ಬಿಸಿ ಉಂಟಾ?"

ಒಂದು ಸಲ ಮುಖ ನೋಡಿ ಬೈದಿದ್ದರೆ ನಿಲ್ಲುತ್ತಿದ್ದೆನೇನೋ. ಈ ಪೋಸ್ಟಿಗೂ ಮೊದಲ ಲೈಕ್ ಅವರದೇ ಇರುತ್ತದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.